ಹದಿನಾಲ್ಕು ಪರಿಕರಗಳು ಮತ್ತು ಒಂದು ಮುಚ್ಚಳಿಕೆ

ನಗರಸಭೆಯ ಮೊದಲ ಮಹಡಿ, ಮೂರನೇ ಕಿಟಕಿಯಲ್ಲಿ ಕೂರುವ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕಂತೆ ಊರಿಗೆಲ್ಲ ಅವನು ಲಗತ್ತಪ್ಪ. ನಲ್ಲಿ ಬೇಕೆಂದು ಬಂದವರಾಗಲಿ, ಬಾಗಿಲ ಸಂಖ್ಯೆ ತಪ್ಪಿದೆಯೆಂದು ಬಂದವರಾಗಲಿ, ಅವನು ತಲೆ ಎತ್ತದೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಲಗತ್ತುಗಳು?" ಅರ್ಜಿಯನ್ನು ಅವನು ಓದುತ್ತಿರಲಿಲ್ಲ. ಅರ್ಜಿಯ ಹಿಂದೆ ಪಿನ್ನು ಹೊಡೆದ ಕಾಗದಗಳನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದ. ಒಂದು ಕಡಿಮೆಯಿದ್ದರೆ ವಾಪಸ್, ಎಲ್ಲ ಇದ್ದರೆ ಮುಂದಕ್ಕೆ. ಒಮ್ಮೆ ಒಬ್ಬಾಕೆ ಒಂಬತ್ತೂ ಲಗತ್ತುಗಳನ್ನು ಅಚ್ಚುಕಟ್ಟಾಗಿ ಜೋಡಿಸಿಕೊಂಡು, ಅರ್ಜಿಯನ್ನೇ ಮನೆಯಲ್ಲಿ ಮರೆತು ಬಂದಿದ್ದರು. ಲಗತ್ತಪ್ಪ ಅದನ್ನೂ ಮುಂದಕ್ಕೆ ಕಳಿಸಿದ. ಬೇಕಾದ ಕಾಗದಗಳ ಪಟ್ಟಿಯಲ್ಲಿ 'ಅರ್ಜಿ' ಎಂದು ಎಲ್ಲೂ ಬರೆದಿರಲಿಲ್ಲವಲ್ಲ.

ಇಂಥ ಮನುಷ್ಯನ ಬಾಳು ಕಿಟಕಿಯ ಈಚೆಗೆ ನೆಟ್ಟಗೆ ಮುಗಿದುಹೋಗುತ್ತಿತ್ತು. ಆದರೆ ಸೂಪರಿಂಟೆಂಡೆಂಟರು ಎರಡು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಎರಡು ಕೈಗಳಿದ್ದವು, ಬೆನ್ನಿಗೆ ದಿಂಬಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಅದು ನಗರಸಭೆಯ ಆಯುಕ್ತೆ ಮೇಡಂ ಅವರ ಬಾಗಿಲಿಗೆ ಅಂಟಿಕೊಂಡಿತ್ತು. ಆ ಕುರ್ಚಿಗೆ ಅರ್ಹರು ಇಬ್ಬರೇ: ಲಗತ್ತಪ್ಪ ಒಬ್ಬ, ಟಪಾಲು ಗುಮಾಸ್ತ ಇನ್ನೊಬ್ಬ. ಇಬ್ಬರಲ್ಲಿ ಒಬ್ಬರ ಹೆಸರು ಬರೆಯಬೇಕಾದವರು ಹೊಸದಾಗಿ ಬಂದಿದ್ದ ಮೇಡಂ.

ಮೇಡಂ ಬಂದ ಮೊದಲ ವಾರದ ಸಭೆಯಲ್ಲಿ ಕ್ಯಾಂಟೀನಿನ ಫ್ಲಾಸ್ಕಿನಿಂದ ಕಾಫಿ ಬಂತು. ಅವರು ಒಂದು ಗುಟುಕು ಕುಡಿದು ಲೋಟವನ್ನು ದೂರ ಸರಿಸಿದರು.

"ಇದನ್ನ ಕಾಫಿ ಅಂತೀರಾ? ಈ ಕಚೇರೀಲಿ ಎಸ್ಪ್ರೆಸೊ ಅಂದ್ರೆ ಏನು ಅಂತ ಒಬ್ಬರಿಗಾದ್ರೂ ಗೊತ್ತಾ?"

ಎಲ್ಲರೂ ತಮ್ಮ ತಮ್ಮ ಫೈಲಿನೊಳಗೆ ಮುಖ ಹುದುಗಿಸಿದರು. ಲಗತ್ತಪ್ಪ ಜೀವಮಾನದಲ್ಲಿ ಎಸ್ಪ್ರೆಸೊ ಕುಡಿದದ್ದು ಒಂದೇ ಸಲ, ಯಾರದೋ ಮದುವೆಯ ಊಟದ ನಂತರ. ಆಗಲೂ ಬಡಿಸಿದವನನ್ನು ಕರೆದು, "ಇದಕ್ಕೆ ನೀರು ಹಾಕೋದು ಮರೆತಿದ್ದೀಯಪ್ಪ" ಎಂದಿದ್ದ. ಆದರೆ ಟಪಾಲು ಗುಮಾಸ್ತ ಎದುರಿಗೆ ಕೂತು ಗಂಟಲು ಸರಿಪಡಿಸಿಕೊಳ್ಳುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಲಗತ್ತಪ್ಪನ ಬಾಯಿ ತೆರೆದುಕೊಂಡಿತು.

"ಮನೇಲಿ ನಾನೇ ಮಾಡ್ಕೊಳ್ತೀನಿ ಮೇಡಂ."

ಟಪಾಲು ಗುಮಾಸ್ತನ ಗಂಟಲು ಸರಿಯಾಗದೆ ಹಾಗೇ ಉಳಿಯಿತು. ಮೇಡಂ ಕನ್ನಡಕ ತೆಗೆದು ಲಗತ್ತಪ್ಪನನ್ನು ನೋಡಿದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಮೇಲಧಿಕಾರಿಯೊಬ್ಬರು ಕನ್ನಡಕ ತೆಗೆದು ಅವನನ್ನು ನೋಡಿದ್ದು ಅದೇ ಮೊದಲು.

ಹೇಳಿದ ಮಾತನ್ನು ನಿಜ ಮಾಡಲು ಅವನು ಅಂದೇ ಸಂಜೆ ಫೋನು ಹಿಡಿದು ಕೂತ. ಹುಡುಕಿದ ಕೂಡಲೇ ಸಿಕ್ಕಿತು: 'ಮನೆಯಲ್ಲೇ ಎಸ್ಪ್ರೆಸೊ: ಬೇಕೇ ಬೇಕಾದ ಹದಿನಾಲ್ಕು ಪರಿಕರಗಳು.' ಲಗತ್ತಪ್ಪನ ಜೀವ ತಂಪಾಯಿತು. ಪಟ್ಟಿ! ಅದೂ ಕ್ರಮಸಂಖ್ಯೆಯ ಸಮೇತ. ಅವನು ಅದನ್ನು ಕಾಗದಕ್ಕೆ ಇಳಿಸಿಕೊಂಡು, ಪಕ್ಕದಲ್ಲಿ 'ಬಂದಿದೆ', 'ಬಂದಿಲ್ಲ' ಎಂದು ಎರಡು ಕಾಲಂ ಎಳೆದ.

ಪೆಟ್ಟಿಗೆಗಳು ಒಂದೊಂದೇ ಬಂದವು. ಗ್ರಾಮಿನ ಹತ್ತನೇ ಒಂದು ಪಾಲನ್ನೂ ಬಿಡದೆ ಹೇಳುವ ತಕ್ಕಡಿ. ಕಾಫಿ ಪುಡಿಯನ್ನು ಅದುಮಲು ಉಕ್ಕಿನ ಟ್ಯಾಂಪರ್, ಅದುಮುವ ಮೊದಲು ಮಟ್ಟ ಮಾಡಲು ಬಿಲ್ಲೆ, ಮಟ್ಟ ಮಾಡುವ ಮೊದಲು ಗಂಟು ಬಿಡಿಸಲು ಎಂಟು ಸೂಜಿಗಳಿದ್ದ ಒಂದು ಕಡ್ಡಿ. ತಳದಲ್ಲಿ ಬರೀ ಜರಡಿಯಿದ್ದ ಹಿಡಿಕೆ ಬಟ್ಟಲು. ಅದರ ತಳದಿಂದ ಕಾಫಿ ಹೇಗೆ ಇಳಿಯುತ್ತದೆಂದು ಬಗ್ಗದೆ ನೋಡಲು ಒಂದು ಪುಟ್ಟ ಕನ್ನಡಿ. ಬಳಸಿದ ಪುಡಿಯ ಗಸಿಯನ್ನು ಕುಟ್ಟಿ ಕೆಡವಲು ಅಡ್ಡಪಟ್ಟಿಯಿದ್ದ ಡಬ್ಬ. ಹಾಲಿನ ಜಗ್ಗು, ಹಾಲಿಗೆ ಜ್ವರ ನೋಡುವ ಥರ್ಮಾಮೀಟರು, ಸೆಕೆಂಡು ಎಣಿಸುವ ಗಡಿಯಾರ, ರಬ್ಬರು ಚಾಪೆ, ಬ್ರಷ್ಷು, ಒರೆಸುವ ಬಟ್ಟೆ, ಮತ್ತು ಗೊಂಬೆಯ ಸಂಸಾರಕ್ಕೆ ಹೊಂದುವಂಥ ಎರಡು ಲೋಟ.

ಹದಿನಾಲ್ಕನೆಯದಕ್ಕೂ 'ಬಂದಿದೆ' ಎಂದು ಗುರುತು ಹಾಕಿದ ಮರುದಿನ ಬೆಳಗ್ಗೆ ಆರೂವರೆಗೆ ಅವನು ಹೆಂಡತಿಯನ್ನು ಅಡುಗೆಮನೆಗೆ ಕರೆದ. ಆಕೆ ಹೊಲಿಗೆ ಅಂಗಡಿಯೊಂದರಲ್ಲಿ ಅಳತೆ ತೆಗೆಯುವವಳು. ಎರಡು ಸಲ ಅಳೆಯದೆ ಕತ್ತರಿ ಹಾಕಿದವಳಲ್ಲ. ಬಾಗಿಲಿಗೆ ಒರಗಿ ನಿಂತು ನೋಡಿದಳು.

ಲಗತ್ತಪ್ಪ ಹದಿನೆಂಟು ಗ್ರಾಂ ಪುಡಿ ತೂಗಿದ. ಬಟ್ಟಲಿಗೆ ಸುರಿದ. ಸೂಜಿಯಿಂದ ಕೆದಕಿದ. ಬಿಲ್ಲೆಯಿಂದ ಮಟ್ಟ ಮಾಡಿದ. ಉಸಿರು ಬಿಗಿಹಿಡಿದು ಟ್ಯಾಂಪರಿನಿಂದ ಅದುಮಿದ. ಕೆಳಗೆ ಲೋಟವಿಟ್ಟ, ಲೋಟದ ಪಕ್ಕ ಕನ್ನಡಿಯಿಟ್ಟ. ಬಟ್ಟಲನ್ನು ಲೋಟದ ಮೇಲೆ ಎತ್ತಿ ಹಿಡಿದು ಗಡಿಯಾರದ ಗುಂಡಿ ಒತ್ತಿದ. ಒಂದು, ಎರಡು, ಮೂರು. ಇಪ್ಪತ್ತೆಂಟರವರೆಗೆ ಸೆಕೆಂಡುಗಳು ಹೋದವು. ಕನ್ನಡಿಯಲ್ಲಿ ಕಂಡದ್ದು ಲಗತ್ತಪ್ಪನ ಗಲ್ಲ.

"ರೀ," ಎಂದಳು ಹೆಂಡತಿ ಮೆತ್ತಗೆ, "ನೀರು ಎಲ್ಲಿಂದ ಬರುತ್ತೆ?"

ಲಗತ್ತಪ್ಪ ಪಟ್ಟಿ ತೆಗೆದು ಮೇಲಿನಿಂದ ಕೆಳಗೆ ಓದಿದ. ಕೆಳಗಿನಿಂದ ಮೇಲಕ್ಕೆ ಓದಿದ.

"ಮಷೀನಿಂದ ಬರುತ್ತಂತೆ."

"ಮಷೀನ್ ಎಲ್ಲಿ?"

"ಪಟ್ಟೀಲಿಲ್ಲ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದ್ದೆ. ಕೂಸು ಬೇಕು ಅನ್ನೋದನ್ನೇ ಮರೆತು ಕುಲಾವಿ, ಕಾಲ್ಚೀಲ, ತೊಟ್ಟಿಲು ತಂದೋರನ್ನ ಇವತ್ತು ನೋಡಿದೆ."

"ಬೇಕೇ ಬೇಕಾದ ಅಂತ ಬರೆದಿದ್ದಾನೆ ಕಣೇ. ಮಷೀನ್ ಬೇಕಿದ್ರೆ ಬರೀತಿರಲಿಲ್ವಾ?"

ಮಷೀನಿನ ಬೆಲೆಯನ್ನು ಅವನು ಫೋನಿನಲ್ಲಿ ನೋಡಿದ. ನೋಡಿ ಫೋನನ್ನು ಬೋರಲಾಗಿ ಮಲಗಿಸಿದ. ಹೆಂಡತಿ ಆ ಹದಿನೆಂಟು ಗ್ರಾಂ ಪುಡಿಯನ್ನು ಬಟ್ಟಲಿನಿಂದ ಕೆರೆದು, ಪಾತ್ರೆಗೆ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಹಾಲು ಬೆರೆಸಿ ಕೊಟ್ಟಳು. ಅವನು ಕುಡಿದ.

ಅಲ್ಲಿಗೇ ಬಿಡಬಹುದಿತ್ತು. ಆದರೆ ಕಚೇರಿಯಲ್ಲಿ ಮೇಡಂ ದಿನಾ ಬೆಳಗ್ಗೆ ಅವನ ಕಿಟಕಿಯ ಹತ್ತಿರ ಒಂದು ಗಳಿಗೆ ನಿಲ್ಲತೊಡಗಿದ್ದರು.

"ಇವತ್ತು ಎಷ್ಟು ಗ್ರಾಂ?"

"ಹದಿನೆಂಟು ಮೇಡಂ."

"ಎಷ್ಟು ಸೆಕೆಂಡು?"

"ಇಪ್ಪತ್ತೆಂಟು ಮೇಡಂ."

ಲಗತ್ತಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಮೇಡಂ ಕೇಳುತ್ತಾರೆಂದು ಗೊತ್ತಿದ್ದ ಮೇಲೆ ಅವನು ದಿನಾ ಬೆಳಗ್ಗೆ ಆರೂವರೆಗೆ ಎದ್ದು ಹದಿನೆಂಟು ಗ್ರಾಂ ತೂಗಿ, ಕೆದಕಿ, ಅದುಮಿ, ಇಪ್ಪತ್ತೆಂಟು ಸೆಕೆಂಡು ಬಟ್ಟಲು ಹಿಡಿದು ನಿಂತು, ಕೊನೆಗೆ ಡಬ್ಬದ ಅಡ್ಡಪಟ್ಟಿಗೆ ಢಬ್ ಢಬ್ ಎಂದು ಕುಟ್ಟಿ ಪುಡಿ ಕೆಡವುತ್ತಿದ್ದ. ಆದ್ದರಿಂದ ಅವನು ಕೊಟ್ಟ ಉತ್ತರಗಳೆಲ್ಲ ಅಕ್ಷರಶಃ ಸತ್ಯ. ರುಚಿ ಹೇಗಿತ್ತೆಂದು ಮೇಡಂ ಒಂದು ದಿನವೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ರೂಢಿ ಮೂರನೇ ಕಿಟಕಿಯಲ್ಲಿ ಇರಲಿಲ್ಲ.

ಢಬ್ ಢಬ್ ಶಬ್ದ ಮೇಲಿನ ಮನೆಗೆ ಕೇಳಿಸಿತು. ಮೇಲಿನ ಮನೆಯಲ್ಲಿದ್ದವರು ನಿವಾಸಿಗಳ ಸಂಘದ ಕಾರ್ಯದರ್ಶಿ. ನಿವೃತ್ತರಾದ ಮೇಲೆ ಮಾಡಲು ಕೆಲಸವಿಲ್ಲದೆ ಇಡೀ ಕಟ್ಟಡವನ್ನು ಹೆಗಲ ಮೇಲೆ ಹೊತ್ತಿದ್ದರು. ಒಂದು ಸಂಜೆ ಅವರು ಬಂದು ಬಾಗಿಲು ಬಡಿದರು.

"ಏನ್ರೀ ಅದು, ಬೆಳಗ್ಗೆ ಆರೂವರೆಗೆ ಢಬ್ ಢಬ್ ಅಂತ?"

"ಗಸಿ ಡಬ್ಬ ಸಾರ್. ಎಸ್ಪ್ರೆಸೊದ್ದು."

"ಓಹೋ. ಹಾಗಾದ್ರೆ ಮಷೀನ್ ತಂದಿದ್ದೀರಿ. ಅದಕ್ಕೇ ನಮ್ಮ ಮನೇಲಿ ಬೆಳಗ್ಗೆ ದೀಪ ಮಂಕಾಗೋದು! ಲಿಫ್ಟು ಎರಡನೇ ಮಹಡೀಲಿ ಏದುಸಿರು ಬಿಡೋದು! ಮೊನ್ನೆ ನಮ್ಮತ್ತೆ ಅದರೊಳಗೆ ಹತ್ತು ನಿಮಿಷ ನಿಂತಿದ್ರು. ಹೊರಗೆ ಬಂದ ಮೇಲೆ ಅಳಿಯನೇ ಬೇಕು ಅಂತ ನಿಲ್ಲಿಸಿದ್ದು ಅಂತಾರೆ."

"ಸಾರ್, ಅದು..."

"ಇಲ್ಲ ಅನ್ನೋದಾದ್ರೆ ನೇರವಾಗಿ ಇಲ್ಲ ಅನ್ನಿ. ನಿಮ್ಮ ಮೇಡಂ ನನ್ನ ಹೆಂಡತಿ ಜೊತೆ ಸಂಜೆ ವಾಕಿಂಗ್ ಮಾಡ್ತಾರೆ. ನಿಮ್ಮ ಗುಮಾಸ್ತರ ಹತ್ರ ಮಷೀನ್ ಇದೆಯೋ ಇಲ್ವೋ ಅಂತ ನಾಳೇನೇ ಕೇಳಿಸ್ತೀನಿ."

ಲಗತ್ತಪ್ಪನ ಕಣ್ಣೆದುರು ಎರಡು ಕೈಗಳ ಕುರ್ಚಿ ಬಂತು. ಅದರ ದಿಂಬಿಗೆ ಟಪಾಲು ಗುಮಾಸ್ತ ಒರಗಿದ್ದ.

"ಇದೆ ಸಾರ್," ಎಂದ.

ಮರುದಿನ ಕಾರ್ಯದರ್ಶಿಗಳು ಒಂದು ಮುಚ್ಚಳಿಕೆ ಬರೆದು ತಂದರು. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಸದರಿ ಎಸ್ಪ್ರೆಸೊ ಮಷೀನನ್ನು ಚಾಲನೆ ಮಾಡುವುದಿಲ್ಲವೆಂದು ಈ ಮೂಲಕ ಒಪ್ಪಿಕೊಂಡಿರುತ್ತೇನೆ. ಲಗತ್ತಪ್ಪ ಓದಿದ. ಓದುತ್ತ ಓದುತ್ತ ಒಳಗಿನ ಗುಮಾಸ್ತ ಎದ್ದು ಕೂತ.

"ಸಾರ್, ಇದಕ್ಕೆ ಲಗತ್ತೇ ಇಲ್ಲ."

"ಏನು ಲಗತ್ತು?"

"ಯಾವ ಮಷೀನು, ಜೊತೆಗೆ ಏನೇನಿದೆ, ವಿವರ ಬೇಡವಾ? ನಾಳೆ ಯಾರಾದ್ರೂ ಕೇಳಿದ್ರೆ ಈ ಕಾಗದ ನಿಲ್ಲಲ್ಲ."

ಹೀಗೆಂದು ಅವನೇ ಹದಿನಾಲ್ಕು ಪರಿಕರಗಳ ಪಟ್ಟಿಯ ಪ್ರತಿ ತೆಗೆದು, ಅದಕ್ಕೂ ಸಹಿ ಹಾಕಿ, ಪಿನ್ನು ಹೊಡೆದು ಕೊಟ್ಟ. ಕಾರ್ಯದರ್ಶಿಗಳಿಗೆ ಅವನ ಮೇಲೆ ಗೌರವವೇ ಬಂತು. ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದ ಹೆಂಡತಿ, "ಇಲ್ಲದಿರೋ ಎಮ್ಮೆಗೆ ಹಗ್ಗ ಕಟ್ಟಿ ಸಹಿ ಬೇರೆ ಹಾಕಿದ್ರಿ" ಎಂದಳು.

ಇಲ್ಲದ ಮಷೀನು ಮುಚ್ಚಳಿಕೆಗೆ ಚಾಚೂ ತಪ್ಪದೆ ನಡೆದುಕೊಂಡಿತು. ಲಗತ್ತಪ್ಪ ಡಬ್ಬದ ಅಡ್ಡಪಟ್ಟಿಗೆ ಬಟ್ಟೆ ಸುತ್ತಿ ಸದ್ದಿಲ್ಲದೆ ಕುಟ್ಟತೊಡಗಿದ. ಆದರೂ ಬೆಳಗಿನ ಹೊತ್ತು ದೀಪಗಳು ಮಂಕಾಗುವುದು ನಿಲ್ಲಲಿಲ್ಲ. ಕಾರ್ಯದರ್ಶಿಗಳ ತೀರ್ಮಾನ ಸರಳವಾಗಿತ್ತು: ಸಹಿ ಹಾಕಿದವನು ಸಹಿಗೆ ದ್ರೋಹ ಬಗೆದಿದ್ದಾನೆ. ಅವರು ಮುಚ್ಚಳಿಕೆಯ ಪ್ರತಿಯಿಟ್ಟು ವಿದ್ಯುತ್ ಕಚೇರಿಗೆ ದೂರು ಬರೆದರು.

ಲೈನ್‌ಮನ್ ಬಂದ. ಸೊಂಟಕ್ಕೆ ಇಕ್ಕಳ, ಕೈಗೆ ರಬ್ಬರು ಗವಸು, ಬಾಯಿಗೆ ಬಿಡುವಿಲ್ಲ. ಮನೆಯೊಳಗೆ ಕಾಲಿಡುತ್ತಲೇ, "ಸಾರ್, ಮಷೀನ್ ಆನ್ ಮಾಡಿ, ಎಷ್ಟು ಎಳೆಯುತ್ತೆ ನೋಡೋಣ" ಎಂದ.

"ರಿಪೇರಿಗೆ ಹೋಗಿದೆ."

"ಯಾವಾಗ?"

"ಈಗ ತಾನೇ."

"ಆಯ್ತು ಬಿಡಿ, ಮೀಟರು ಹೇಳುತ್ತೆ." ಅವನು ಹೊರಗೆ ಹೋಗಿ ಮೀಟರು ನೋಡಿ, ಹಳೆಯ ರೀಡಿಂಗುಗಳನ್ನು ಪುಸ್ತಕದಲ್ಲಿ ನೋಡಿ, ಒಳಗೆ ಬರುವಾಗ ಮುಖ ಸಣ್ಣದು ಮಾಡಿಕೊಂಡಿದ್ದ. "ಸಾರ್, ಮಷೀನ್ ಬಂದು ಎಷ್ಟು ದಿನ ಆಯ್ತು?"

"ಒಂದೂವರೆ ತಿಂಗಳು."

"ಒಂದೂವರೆ ತಿಂಗಳಿಂದ ನಿಮ್ಮ ಯೂನಿಟ್ ಏರಿಲ್ಲ. ಎರಡು ಇಳಿದಿದೆ."

"ನಾವು ಹಿತಮಿತವಾಗಿ ಬಳಸ್ತೀವಿ."

"ಹಿತಮಿತ ಅಂದ್ರೆ ಹೇಗೆ ಸಾರ್? ಆ ಮಷೀನು ನೀರು ಕಾಯಿಸ್ಬೇಕು. ಇಸ್ತ್ರಿ ಪೆಟ್ಟಿಗೆಗಿಂತ ಜಾಸ್ತಿ ಎಳೆಯುತ್ತೆ. ಮಷೀನ್ ಇದೆ ಅಂತ ಕಾಗದ ಹೇಳುತ್ತೆ. ಓಡಿಲ್ಲ ಅಂತ ಮೀಟರು ಹೇಳುತ್ತೆ. ಓಡಿದೆ ಅಂತ ಮೇಲಿನ ಮನೆ ದೀಪ ಹೇಳುತ್ತೆ. ಮೂರೂ ಒಟ್ಟಿಗೆ ನಿಜ ಆಗ್ಬೇಕಾದ್ರೆ..." ಅವನು ಬೆರಳಿನಿಂದ ಗಾಳಿಯಲ್ಲಿ ಒಂದು ಕಂಬ ಬರೆದ, ಒಂದು ಮೀಟರು ಬರೆದ, ಮೀಟರನ್ನು ಬಳಸಿಕೊಂಡು ಹೋಗುವ ಒಂದು ತಂತಿ ಬರೆದ. "ಕಂಬದಿಂದ ನೇರ."

"ಅಯ್ಯೋ! ಕಳ್ಳತನ ಅಂತೀರಾ?"

"ನಾನು ಹಾಗಂತಿಲ್ಲ ಸಾರ್. ನಾನು ಅನ್ನೋದೇ ಬೇಡ, ಫಾರಂನಲ್ಲಿ ಅಚ್ಚಾಗಿ ಬಂದಿದೆ. ಭಾನುವಾರ ಹತ್ತು ಗಂಟೆಗೆ ಎಂಜಿನಿಯರ್ ಸಾಹೇಬ್ರು ತಪಾಸಣೆಗೆ ಬರ್ತಾರೆ. ಮಷೀನ್ ರಿಪೇರಿಯಿಂದ ತಂದಿಟ್ಟಿರಿ."

ಅವನು ಹೋದ ಮೇಲೆ ಹೆಂಡತಿ ಅಳತೆಪಟ್ಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು ಎದುರಿಗೆ ಕೂತಳು.

"ಈಗ ಹೇಳಿ. ಕಳ್ಳ ಅನ್ನಿಸ್ಕೊಳ್ತೀರೋ, ಸುಳ್ಳ ಅನ್ನಿಸ್ಕೊಳ್ತೀರೋ?"

"ಸುಳ್ಳ ಅಂತಾದ್ರೆ ಕುರ್ಚಿ ಹೋಗುತ್ತೆ ಕಣೇ."

"ಕಳ್ಳ ಅಂತಾದ್ರೆ?"

"ಕುರ್ಚಿನೂ ಹೋಗುತ್ತೆ, ಕೆಲಸಾನೂ ಹೋಗುತ್ತೆ."

"ಮತ್ತೆ ಅದರಲ್ಲಿ ಯೋಚನೆ ಮಾಡೋದೇನಿದೆ? ಮಷೀನ್ ಇಲ್ಲ ಅಂತ ಹೇಳಿಬಿಡಿ."

"ಹೇಳಬಹುದು," ಎಂದ ಲಗತ್ತಪ್ಪ, ಕಿಟಕಿಯ ಹೊರಗೆ ನೋಡುತ್ತ, "ಆದ್ರೆ ಅದಕ್ಕೆ ಏನು ಲಗತ್ತು ಕೊಡೋದು?"

ಇದ್ದದ್ದನ್ನು ಇದೆ ಎಂದು ತೋರಿಸಲು ಲೋಕದಲ್ಲಿ ನೂರು ಕಾಗದಗಳಿವೆ. ಇಲ್ಲದ್ದನ್ನು ಇಲ್ಲ ಎಂದು ತೋರಿಸಲು ಒಂದೂ ಇಲ್ಲ. ಇದನ್ನು ಅವನಷ್ಟು ಚೆನ್ನಾಗಿ ತಿಳಿದವರು ನಗರಸಭೆಯಲ್ಲಿ ಯಾರೂ ಇರಲಿಲ್ಲ. ಎಷ್ಟೋ ಜನರನ್ನು ಅವನೇ ಅದೇ ಕಾರಣಕ್ಕೆ ವಾಪಸ್ ಕಳಿಸಿದ್ದ.

ಭಾನುವಾರ ಹತ್ತು ಗಂಟೆಗೆ ಎಂಜಿನಿಯರ್ ಬಂದರು. ಜೊತೆಗೆ ಲೈನ್‌ಮನ್. ಸಾಕ್ಷಿಯಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕಾರ್ಯದರ್ಶಿ. ಹತ್ತೂಕಾಲಿಗೆ ಬಾಗಿಲಲ್ಲಿ ಮೇಡಂ! ಕಾರ್ಯದರ್ಶಿಯ ಹೆಂಡತಿ ವಾಕಿಂಗಿನಲ್ಲಿ ಸುದ್ದಿ ಮುಟ್ಟಿಸಿದ್ದರು.

"ನನ್ನ ಕಚೇರಿಯವರ ಮೇಲೆ ಕಳ್ಳತನದ ಆರೋಪ ಅಂದ್ರೆ ನಾನಿರಬೇಕಲ್ಲ," ಎಂದರು ಮೇಡಂ. "ಇಷ್ಟು ನಿಖರವಾಗಿ ತೂಕ ಮಾಡೋ ಮನುಷ್ಯ ಕರೆಂಟ್ ಕದೀತಾನೆ ಅಂದ್ರೆ ನಾನು ನಂಬಲ್ಲ. ಮಷೀನ್ ತೋರಿಸಿ ಇವರೇ, ಮುಗಿದುಹೋಗಲಿ."

ಲಗತ್ತಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ತಪಾಸಣೆ ನಡೆಯಿತು. ಮಂಚದ ಕೆಳಗೆ ನೋಡಿದರು, ಬೀರುವಿನ ಮೇಲೆ ನೋಡಿದರು. ಬಟ್ಟೆ ಒಗೆಯುವ ಯಂತ್ರವನ್ನು ಲೈನ್‌ಮನ್ ಮೂರು ಸಲ ತೆರೆದು, ಮೂರು ಸಲವೂ ಒಂದೇ ಒದ್ದೆ ಟವೆಲನ್ನು ಕಂಡ. ಕಾರ್ಯದರ್ಶಿಗಳು ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿದರು.

"ಅದರಲ್ಲಿ ಮಷೀನ್ ಹಿಡಿಸುತ್ತೇನ್ರೀ?" ಎಂದಳು ಲಗತ್ತಪ್ಪನ ಹೆಂಡತಿ.

"ಬಿಚ್ಚಿ ಇಟ್ಟಿರಬಹುದಲ್ಲಮ್ಮ," ಎಂದರು ಕಾರ್ಯದರ್ಶಿ, ತೋಳಿನ ಅಕ್ಕಿ ಕೊಡವುತ್ತ.

ಕೊನೆಗೆ ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ನಿಂತರು. ಮೇಜಿನ ಮೇಲೆ ಹದಿನಾಲ್ಕು ಪರಿಕರಗಳು ಕ್ರಮಸಂಖ್ಯೆಯ ಪ್ರಕಾರ ಮಿರಮಿರ ಮಿಂಚುತ್ತಿದ್ದವು.

"ಮಷೀನ್ ಎಲ್ರೀ?" ಎಂದರು ಎಂಜಿನಿಯರ್.

ಲಗತ್ತಪ್ಪ ಮೇಡಂ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಕಣ್ಣು ಮುಚ್ಚಿಕೊಂಡ.

"ಇಲ್ಲ ಸಾರ್."

"ಎಲ್ಲಿ ಬಚ್ಚಿಟ್ಟಿದ್ದೀರಿ?"

"ಬಚ್ಚಿಟ್ಟಿಲ್ಲ. ಇಲ್ಲ. ಯಾವತ್ತೂ ಇರಲೇ ಇಲ್ಲ."

ಎಂಜಿನಿಯರ್ ಫೈಲಿನಿಂದ ಮುಚ್ಚಳಿಕೆ ತೆಗೆದರು. "ಇದು ನಿಮ್ಮ ಸಹಿ ತಾನೇ? ಇದು ನೀವೇ ಕೊಟ್ಟ ಲಗತ್ತು ತಾನೇ? ಕಾಗದದಲ್ಲಿ ಮಷೀನ್ ಇದೆ."

"ಕಾಗದದಲ್ಲಿದೆ ಸಾರ್. ಮನೇಲಿಲ್ಲ."

ಇಪ್ಪತ್ತಾರು ವರ್ಷದಲ್ಲಿ ಲಗತ್ತಪ್ಪ ಕಾಗದದ ವಿರುದ್ಧ ಸಾಕ್ಷಿ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅವನಿಗೇ ತನ್ನ ಮಾತಿನಲ್ಲಿ ನಂಬಿಕೆ ಬರಲಿಲ್ಲ.

"ಹಾಗಾದ್ರೆ ಇವೆಲ್ಲ ಯಾಕೆ? ಇದರಲ್ಲಿ ಏನು ಮಾಡ್ತೀರಿ?"

"ತೋರಿಸ್ತೀನಿ ಸಾರ್."

ಅವನು ತೋರಿಸಿದ. ಹದಿನೆಂಟು ಗ್ರಾಂ ತೂಗಿದ. ಒಂದು ಚಿಟಿಕೆ ಹೆಚ್ಚಾಯಿತೆಂದು ತೆಗೆದ. ಕೆದಕಿದ, ಮಟ್ಟ ಮಾಡಿದ, ಅದುಮಿದ. ಕನ್ನಡಿ ಇಟ್ಟ. ಬಟ್ಟಲು ಎತ್ತಿ ಹಿಡಿದು ಗುಂಡಿ ಒತ್ತಿದ. ಇಪ್ಪತ್ತೆಂಟು ಸೆಕೆಂಡು ಐದು ಜನ ಉಸಿರಾಡದೆ ಒಂದು ಖಾಲಿ ಲೋಟವನ್ನು ನೋಡಿದರು. ಏನೂ ಬೀಳಲಿಲ್ಲ. ಲಗತ್ತಪ್ಪ ಪುಡಿಯನ್ನು ಡಬ್ಬಕ್ಕೆ ಕುಟ್ಟಿ, ಬ್ರಷ್ಷಿನಿಂದ ಗುಡಿಸಿ, ಬಟ್ಟೆಯಿಂದ ಒರೆಸಿ, ಕೈಕಟ್ಟಿ ನಿಂತ.

"ಇದನ್ನ ದಿನಾ ಮಾಡ್ತೀರಾ ಸಾರ್?" ಲೈನ್‌ಮನ್‌ನ ದನಿಯಲ್ಲಿ ಕನಿಕರವಿತ್ತು.

"ದಿನಾ."

"ಒಂದೂವರೆ ತಿಂಗಳಿಂದ," ಎಂದಳು ಹೆಂಡತಿ. "ಆಮೇಲೆ ಅದೇ ಪುಡೀನ ನಾನು ಪಾತ್ರೇಲಿ ಕುದಿಸಿ ಕೊಡ್ತೀನಿ."

ಎಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದರು. "ನೋಡಿ, ನಾನೂ ಓದಿದವನು. ತಲೆ ನೆಟ್ಟಗಿರೋ ಯಾವ ಮನುಷ್ಯನೂ ಇಷ್ಟೆಲ್ಲ ತಂದಿಟ್ಕೊಂಡು ಮಷೀನ್ ಇಲ್ಲದೆ ಇರಲ್ಲ. ಇದು ನಾಟಕ. ಕೇಸು ಬರೀತೀನಿ."

"ಬರೀಲೇಬೇಕು," ಎಂದರು ಕಾರ್ಯದರ್ಶಿ.

ಮೇಡಂ ಮೇಜಿನ ಹತ್ತಿರ ಬಂದು ಸೂಜಿಕಡ್ಡಿಯನ್ನು ಎತ್ತಿ ನೋಡಿದರು.

"ಒಳಗಿಂದ ಹೊರಕ್ಕೆ ಕೆದಕ್ತೀರೋ, ಹೊರಗಿಂದ ಒಳಕ್ಕೋ?"

"ಹೊರಗಿಂದ ಒಳಕ್ಕೆ ಮೇಡಂ."

"ಹ್ಞೂಂ." ಅವರು ಕಡ್ಡಿಯನ್ನು ಅದೇ ಜಾಗದಲ್ಲಿ ಇಟ್ಟರು. "ಎಂಜಿನಿಯರ್, ಬರೀಬೇಡಿ. ಇವರು ಹೇಳ್ತಿರೋದು ನಿಜ. ಮಷೀನ್ ಇಲ್ಲದೆ ಹೀಗಿರೋದು ಸಾಧ್ಯ."

"ನಿಮಗೆ ಹೇಗೆ ಗೊತ್ತು ಮೇಡಂ?"

"ಗೊತ್ತು."

"ಫಾರಂನಲ್ಲಿ 'ಗೊತ್ತು' ಅನ್ನೋ ಕಾಲಂ ಇಲ್ಲ ಮೇಡಂ. ಸರ್ಕಾರಿ ಅಧಿಕಾರಿ ನೀವು, ದೃಢೀಕರಣ ಬರೆದು ಕೊಡಿ, ತಗೊಳ್ತೀನಿ. ಆದ್ರೆ ಬರೀ ಬಾಯಿಮಾತಿನ ದೃಢೀಕರಣ..." ಎಂಜಿನಿಯರ್ ಕೈ ತಿರುವಿದರು.

"ಲಗತ್ತು ಇಲ್ಲದೆ ಆಗಲ್ಲ ಮೇಡಂ," ಎಂಬ ಮಾತು ಲಗತ್ತಪ್ಪನ ಬಾಯಿಂದ ಜಾರಿ ಬಿತ್ತು. ಅದು ಅವನ ತಪ್ಪಲ್ಲ. ಇಪ್ಪತ್ತಾರು ವರ್ಷದ ನಾಲಿಗೆ ಯಜಮಾನನನ್ನು ಕೇಳಿ ಆಡುವುದಿಲ್ಲ. ಹೆಂಡತಿ ಹಣೆ ಚಚ್ಚಿಕೊಂಡಳು.

ಮೇಡಂ ಅವನನ್ನು ಒಂದು ನೋಟ ನೋಡಿದರು. ಆಮೇಲೆ ಕೈಚೀಲದಿಂದ ಫೋನು ತೆಗೆದು, ಏನನ್ನೋ ಹುಡುಕಿ, ಎಂಜಿನಿಯರ್ ಮುಖದ ಮುಂದೆ ಹಿಡಿದರು. ಎಲ್ಲರ ಕತ್ತುಗಳೂ ಬಾಗಿದವು. ಅದು ಒಂದು ಅಡುಗೆಮನೆಯ ಫೋಟೋ. ಕಟ್ಟೆಯ ಮೇಲೆ ತಕ್ಕಡಿ, ಟ್ಯಾಂಪರು, ಬಿಲ್ಲೆ, ಸೂಜಿಕಡ್ಡಿ, ಕನ್ನಡಿ, ಜಗ್ಗು, ಡಬ್ಬ, ಎಲ್ಲವೂ ಸಾಲಾಗಿ ಕೂತಿದ್ದವು. ಸಾಲಿನ ಕೊನೆಯಲ್ಲಿ ಮಷೀನು ಇರಬೇಕಾದಲ್ಲಿ ಒಂದು ಹೂದಾನಿ ಇತ್ತು.

"ಯಾರ ಮನೆ ಮೇಡಂ ಇದು?" ಎಂದ ಲೈನ್‌ಮನ್.

"ನಂದೇ. ಎರಡು ವರ್ಷ ಆಯ್ತು." ಮೇಡಂ ದನಿ ತಗ್ಗಿತು. "ನನ್ನ ಹತ್ರ ಹದಿನಾರಿವೆ."

ಹದಿನೈದನೆಯದು ಯಾವುದು, ಹದಿನಾರನೆಯದು ಯಾವುದು ಎಂದು ಕೇಳಲು ಲಗತ್ತಪ್ಪನ ಜೀವ ಚಡಪಡಿಸಿತು. ಹೆಂಡತಿ ಅವನ ಪಾದದ ಮೇಲೆ ತನ್ನ ಪಾದ ಊರಿದಳು.

ಫೋನು ಫೈಲಿಗೆ ಸೇರುವುದಿಲ್ಲವಾದ್ದರಿಂದ ಫೋಟೋವನ್ನು ಕಾಗದಕ್ಕೆ ಇಳಿಸಬೇಕಾಯಿತು. ಕಟ್ಟಡದಲ್ಲಿ ಪ್ರಿಂಟರು ಇದ್ದದ್ದು ಕಾರ್ಯದರ್ಶಿಗಳ ಮನೆಯಲ್ಲಿ ಮಾತ್ರ. ಅವರು ಮೇಲೆ ಹೋಗಿ, ಒಂದಲ್ಲ ಎರಡು ಪ್ರತಿ, ಅದೂ ಬಣ್ಣದಲ್ಲಿ ತಂದರು. ಮೇಡಂ ಮೇಜಿನ ಮೂಲೆಯಲ್ಲಿ ಕೂತು ಬರೆದರು: ಎಸ್ಪ್ರೆಸೊ ಮಷೀನು ಇಲ್ಲದೆಯೂ ಅದರ ಸಮಸ್ತ ಪರಿಕರಗಳನ್ನು ಒಬ್ಬ ವ್ಯಕ್ತಿ ಹೊಂದಿರಲು ಸಾಧ್ಯವೆಂದು ಸ್ವಾನುಭವದಿಂದ ದೃಢೀಕರಿಸುತ್ತೇನೆ. ಸಹಿ. ಹುದ್ದೆ. ಲಗತ್ತು: ಒಂದು ಫೋಟೋ. ಎಂಜಿನಿಯರ್ ಅದನ್ನು ಫೈಲಿಗೆ ಸೇರಿಸಿ ಪಿನ್ನು ಹೊಡೆದರು.

ಪಿನ್ನು ಬಿದ್ದ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ಅಡುಗೆಮನೆಯ ದೀಪ ಮಂಕಾಯಿತು. ಹೊರಗೆ ಲಿಫ್ಟು ನರಳಿ ನಿಂತಿತು. ಒಳಗಿನಿಂದ ಯಾರೋ ಬಾಗಿಲು ಬಡಿಯತೊಡಗಿದರು.

"ನಮ್ಮತ್ತೆ!" ಎಂದರು ಕಾರ್ಯದರ್ಶಿ.

ಲೈನ್‌ಮನ್ ಆಗಲೇ ಮೆಟ್ಟಿಲ ಬಳಿಯ ಪೆಟ್ಟಿಗೆಯ ಮುಂದೆ ನಿಂತು ಒಂದೊಂದೇ ತಂತಿಗೆ ಇಕ್ಕಳದ ಮೀಟರು ಹಾಕುತ್ತಿದ್ದ. ನಾಲ್ಕನೆಯ ತಂತಿಗೆ ಹಾಕಿದವನು ತಲೆ ಎತ್ತಿ ಮೇಲೆ ನೋಡಿದ. ದಡದಡನೆ ಮೆಟ್ಟಿಲು ಹತ್ತಿ ಹೋಗಿ, ಅಷ್ಟೇ ಬೇಗ ಇಳಿದು ಬಂದ.

"ಸಾಹೇಬ್ರೇ, ಕಾರ್ಯದರ್ಶಿಗಳ ಮನೇಲೇ! ನಿಂತಲ್ಲೇ ಓಡೋ ಮಷೀನು. ಅಮ್ಮಾವ್ರು ಓಡ್ತಿದ್ದಾರೆ. ತಂತಿ ಮುಟ್ಟೋಕಾಗಲ್ಲ, ಅಷ್ಟು ಬಿಸಿ. ಆ ಹಳೇ ತಂತಿಗೆ ಅಷ್ಟು ದೊಡ್ಡ ಮಷೀನಾ?"

"ಅದು ಡಾಕ್ಟರು ಹೇಳಿದ್ದು!" ಎಂದು ಕಾರ್ಯದರ್ಶಿಗಳು ಕೂಗಿ, ಸಾಕ್ಷಿಯ ಜಾಗ ಬಿಟ್ಟು ಲಿಫ್ಟಿನ ಕಡೆ ಓಡಿದರು.

ಐದೇ ಐದು ನಿಮಿಷ ತಡೆದಿದ್ದರೆ ಯಾರೂ ಯಾರಿಗೂ ಏನನ್ನೂ ಒಪ್ಪಿಕೊಳ್ಳಬೇಕಿರಲಿಲ್ಲ. ಮೇಡಂ ಕೈ ಚಾಚಿದರು.

"ಹಾಗಾದ್ರೆ ನನ್ನ ದೃಢೀಕರಣ ಬೇಕಾಗಿಲ್ಲ. ಆ ಫೋಟೋ ವಾಪಸ್ ಕೊಡಿ."

"ಪಿನ್ನು ಬಿದ್ದುಬಿಟ್ಟಿದೆಯಲ್ಲ ಮೇಡಂ," ಎಂದರು ಎಂಜಿನಿಯರ್ ವಿನಯದಿಂದ. "ಫೈಲಿಗೆ ಸೇರಿದ್ದನ್ನ ತೆಗೆಯೋಕೆ ನನಗೆ ಅಧಿಕಾರ ಇಲ್ಲ. ಇನ್ನೊಂದು ಪ್ರತಿ ಇದೆಯಲ್ಲ, ಅದು ನಿಮ್ಮ ಕಚೇರಿಗೇ ಬರುತ್ತೆ, ಮಾಹಿತಿಗಾಗಿ."

ಸೋಮವಾರ ಬೆಳಗ್ಗೆ ಮೇಡಂ ಮೂರನೇ ಕಿಟಕಿಯ ಹತ್ತಿರ ನಿಲ್ಲಲಿಲ್ಲ. ಎಷ್ಟು ಗ್ರಾಂ ಎಂದು ಕೇಳಲಿಲ್ಲ. ಹನ್ನೊಂದು ಗಂಟೆಗೆ ಲಗತ್ತಪ್ಪನಿಗೆ ಕರೆ ಬಂತು. ಅವನು ಹಿಂದಿನ ರಾತ್ರಿಯೇ ಕುರ್ಚಿಯ ಆಸೆ ಬಿಟ್ಟಿದ್ದ. ಹೆಂಡತಿ, "ಕಳ್ಳ ಅನ್ನಿಸ್ಕೊಳ್ಳಲಿಲ್ಲವಲ್ಲ, ಅಷ್ಟೇ ಸಾಕು" ಎಂದು ಸಮಾಧಾನ ಹೇಳಿ ಕಳಿಸಿದ್ದಳು. ಒಳಗೆ ಹೋಗಿ ನಿಂತ. ಮೇಡಂ ಎದುರಿಗೆ ಎರಡು ಹೆಸರಿದ್ದ ಒಂದು ಹಾಳೆ ಇತ್ತು. ಅವರು ಕಣ್ಣೆತ್ತಲಿಲ್ಲ.

"ವಿದ್ಯುತ್ ಕಚೇರಿಯಿಂದ ಲಕೋಟೆ ಬಂದ್ರೆ ಮೊದಲು ಯಾರ ಮೇಜಿಗೆ ಬರುತ್ತೆ?"

"ಟಪಾಲು ಗುಮಾಸ್ತರ ಮೇಜಿಗೆ ಮೇಡಂ."

"ಒಡೀತಾರಾ?"

"ಒಡೆದು, ಒಳಗಿರೋದನ್ನ ಓದಿ, ದಾಖಲು ಮಾಡಿ, ಆಮೇಲೆ ಕಳಿಸ್ತಾರೆ." ಲಗತ್ತಪ್ಪ ಸ್ವಲ್ಪ ಯೋಚಿಸಿ, ನಿಖರವಾಗಿರಲೆಂದು ಸೇರಿಸಿದ: "ಆಸಕ್ತಿ ಇರೋದನ್ನ ಗಟ್ಟಿಯಾಗಿ ಓದ್ತಾರೆ."

ಮೇಡಂ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

"ಲಕೋಟೆ ಒಡೆಯದೆ ನೇರವಾಗಿ ನನ್ನ ಕೈಗೆ ತಂದುಕೊಡೋ ಅಧಿಕಾರ ಯಾರಿಗಿದೆ?"

"ಸೂಪರಿಂಟೆಂಡೆಂಟಿಗೆ ಮಾತ್ರ ಮೇಡಂ."

ಮೇಡಂ ಪೆನ್ನು ತೆಗೆದುಕೊಂಡು ಎರಡು ಹೆಸರುಗಳಲ್ಲಿ ಒಂದನ್ನು ಹೊಡೆದು ಹಾಕಿ ಸಹಿ ಮಾಡಿದರು. ಆದೇಶ ಇಂದಿನಿಂದಲೇ ಜಾರಿ ಎಂದು ಬರೆದರು. ನಿವೃತ್ತರಾಗಬೇಕಿದ್ದವರನ್ನು ಉಳಿದ ಒಂಬತ್ತು ದಿನ ರಜೆಯ ಮೇಲೆ ಕಳಿಸಿದರು.

ಲಕೋಟೆ ಗುರುವಾರ ಬಂತು. ದಪ್ಪವಾಗಿತ್ತು. ಹೊರಗಿನಿಂದ ಮುಟ್ಟಿದರೇ ಒಳಗೆ ಪಿನ್ನು ಹೊಡೆದ ಕಾಗದಗಳಿವೆಯೆಂದು ತಿಳಿಯುತ್ತಿತ್ತು. ಲಗತ್ತಪ್ಪ ಕೈಗಳಿರುವ ಕುರ್ಚಿಯಿಂದ ಎದ್ದು, ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕಪಕ್ಕ ನೋಡದೆ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಲಗತ್ತುಗಳು ಸರಿಯಿವೆಯೇ ಎಂದು ನೋಡದೆ ಅವನು ಮುಂದಕ್ಕೆ ಕೊಟ್ಟ ಮೊದಲ ಕಾಗದ ಅದು.